ಅಪ್ಪನ ರಕ್ತದಲ್ಲಿ ಸೀಸ

ಸ್ಪೋಕೇನ್
ಜನವರಿ 14, 1996

ಅಪ್ಪ,

ನಿನ್ನ ಕ್ರಿಸ್‌ಮಸ್ ಪತ್ರ ಬಂದು ಎರಡು ವಾರವಾಯಿತು. ಗೋದಿಯ ದರ, ಹೊಸ ಪಾದ್ರಿಯ ಕೀರಲು ಗಂಟಲು, ಡೆಲ್ಮರ್ ಮಾಮನ ಮಂಡಿನೋವು, ಇವೆಲ್ಲದರ ನಡುವೆ ಒಂದೇ ಒಂದು ಸಾಲು ಬರೆದಿದ್ದೀಯ: "ಡಾಕ್ಟರು ರಕ್ತ ನೋಡಿದರು, ಸೀಸ ನಲವತ್ತೊಂದು ಇದೆಯಂತೆ, ಉಳಿದದ್ದೆಲ್ಲ ಚೆನ್ನಾಗಿದೆ." ನಾನು ಮೊದಲ ಸಲ ಓದಿದಾಗ ಅದನ್ನು ದಾಟಿಕೊಂಡು ಹೋದೆ. ಎರಡನೆಯ ಸಲ ಓದಿ ಕುರ್ಚಿ ಎಳೆದುಕೊಂಡು ಕುಳಿತೆ.

ಫೋನು ಮಾಡಿ ಕೇಳೋಣವೆಂದರೆ ನಿನ್ನ ಕಿವಿ ಬಂದೂಕಿಗೆ ಬಲಿಯಾಗಿ ಹತ್ತು ವರ್ಷವಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮೊಮ್ಮಗಳು ಸಿಗ್ನಿಯ ಡಾಕ್ಟರರನ್ನು ಕೇಳಿದೆ. ನಲವತ್ತೊಂದು ಎಂದರೆ ನಗುವ ಮಾತಲ್ಲವಂತೆ. ಸಣ್ಣ ಮಕ್ಕಳಿಗಂತೂ ಅದರ ಕಾಲು ಭಾಗವೂ ಕೆಟ್ಟದ್ದು, ಒಮ್ಮೆ ತಲೆಗೆ ಹತ್ತಿದರೆ ಇಳಿಯುವುದಿಲ್ಲ ಎಂದರು. ಸಿಗ್ನಿಗೆ ಈಗ ಎರಡು ವರ್ಷ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾಳೆ. ಜುಲೈಯಲ್ಲಿ ಅವಳನ್ನು ಕರೆದುಕೊಂಡು ಬಂದು ಮೂರು ವಾರ ಇರುತ್ತೇನೆ ಎಂದಿದ್ದೆನಲ್ಲ, ಆ ಮಾತಿಗೆ ಈಗ ಒಂದು ಷರತ್ತು ಹಾಕುತ್ತಿದ್ದೇನೆ. ನೀನು ಶೆಡ್ಡಿನಲ್ಲಿ ಬಂದೂಕಿನ ಗುಂಡು ಎರೆಯಲು ಸೀಸ ಕರಗಿಸುವುದನ್ನು ನಿಲ್ಲಿಸಬೇಕು. ಏಪ್ರಿಲ್‌ನಲ್ಲಿ ಮತ್ತೆ ರಕ್ತ ಕೊಡಬೇಕು. ಅಂಕಿ ಇಳಿದಿದ್ದರೆ ಬರುತ್ತೇವೆ, ಇಳಿಯದಿದ್ದರೆ ಇಲ್ಲ.

ಗುಂಡು ಅಂಗಡಿಯಲ್ಲಿ ಸಿಗುತ್ತದೆ, ಅಪ್ಪ. ಡೆಲ್ಮರ್ ಮಾಮ ಡಬ್ಬಿಗಟ್ಟಲೆ ಕೊಂಡು ತರುತ್ತಾರೆ, ಅವರ ಕೈಯೇನೂ ಸವೆದಿಲ್ಲ.

ಇನ್ನೊಂದು ಮಾತು. ಅಂಕಿ ಎಷ್ಟೇ ಬರಲಿ, ಇದ್ದದ್ದು ಇದ್ದ ಹಾಗೆ ಬರೆ. ಅಮ್ಮನಿಗೆ ಹೊಟ್ಟೆ ಹುಣ್ಣು, ಹಾಲು ಕುಡಿದರೆ ಸರಿಹೋಗುತ್ತದೆ ಎಂದು ಬರೆದಿದ್ದೆಯಲ್ಲ, ಹಾಗೆ ಬರೆಯಬೇಡ.

ಮಾರಿತ್


ಹಾರ್ಲೋ ಬೆಂಡ್, ಮೊಂಟಾನಾ
ಜನವರಿ 28, 1996

ಪ್ರೀತಿಯ ಮಾರಿತ್,

ಪತ್ರ ಸಿಕ್ಕಿತು. ಇಲ್ಲಿ ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ ಚಳಿ. ಪಿಕಪ್ಪು ಎರಡು ದಿನ ಮಾತಾಡಲಿಲ್ಲ.

ನೀನು ಹೇಳಿದ್ದಕ್ಕೆ ನಾನೂ ಎರಡು ಮಾತು ಹೇಳಬೇಕು. ಸೀಸ ಕರಗುವುದು ಬೇರೆ, ಕುದಿಯುವುದು ಬೇರೆ. ನಮ್ಮ ಪಾತ್ರೆಯ ಬಿಸಿಗೆ ಅದು ಕರಗುತ್ತದೆ ಅಷ್ಟೆ, ಹೊಗೆಯಾಗಿ ಮೇಲೇಳಲು ಅದರ ಎರಡರಷ್ಟು ಕಾವು ಬೇಕು. ಬಾಗಿಲು ತೆರೆದಿಟ್ಟು ಎರೆಯುತ್ತೇನೆ, ಕೈತೊಳೆಯದೆ ಏನೂ ತಿನ್ನುವುದಿಲ್ಲ. ಮೂವತ್ತೆಂಟು ವರ್ಷ ಹೀಗೇ ಮಾಡಿಕೊಂಡು ಬಂದಿದ್ದೇನೆ.

ಇನ್ನು ಅಂಗಡಿಯ ಗುಂಡು. ನನ್ನದು ನಿನ್ನ ಅಜ್ಜನ ರೈಫಲ್. ಅದರ ನಳಿಗೆ ಈಗಿನ ಅಳತೆಗಿಂತ ಕೂದಲೆಳೆಯಷ್ಟು ಅಗಲ. ಅಂಗಡಿಯ ಗುಂಡು ಅದರೊಳಗೆ ಅಣ್ಣನ ಷರಟು ತೊಟ್ಟ ತಮ್ಮನ ಹಾಗೆ ಅಲ್ಲಾಡುತ್ತದೆ. ಸಡಿಲವಾದ ಗುಂಡು ನಳಿಗೆಯ ಗೋಡೆಗೆಲ್ಲ ಸೀಸ ಮೆತ್ತುತ್ತದೆ, ಗುರಿಯೂ ಹಾಳು, ನಳಿಗೆಯೂ ಹಾಳು. ಅದಕ್ಕೇ ನಾನು ಅಳತೆ ಕೊಟ್ಟು ಅಚ್ಚು ಮಾಡಿಸಿದ್ದು. ಟೈರ್ ಅಂಗಡಿಯವರು ಚಕ್ರದಿಂದ ಕಿತ್ತು ಬಿಸಾಡುವ ಸೀಸದ ತುಂಡುಗಳನ್ನು ಬಕೆಟ್ಟಿನಲ್ಲಿ ತುಂಬಿಕೊಡುತ್ತಾರೆ. ಒಂದೊಂದನ್ನೂ ನೋಡಿ, ಸತುವಿನದನ್ನು ಆರಿಸಿ ಹೊರಗೆ ಹಾಕಿ, ಕರಗಿಸಿ, ಚಿಟಿಕೆ ತವರ ಸೇರಿಸಿ, ಅಚ್ಚು ಸರಿಯಾದ ಬಿಸಿಗೆ ಬರುವವರೆಗೆ ಕಾದು ಎರೆದರೆ ಹತ್ತರಲ್ಲಿ ಎಂಟು ಗುಂಡು ಕನ್ನಡಿಯ ಹಾಗೆ ಬೀಳುತ್ತವೆ. ಉಳಿದೆರಡು ಮತ್ತೆ ಪಾತ್ರೆಗೆ. ಡೆಲ್ಮರ್ ಕೊಂಡು ತರುವುದು ಯಾವುದೋ ಯಂತ್ರ ಉಗಿದದ್ದು. ಅವನ ಗುರಿಹಲಗೆ ನೋಡಿದರೆ ಯಾರೋ ಜೋಳ ಎರಚಿದ ಹಾಗಿರುತ್ತದೆ.

ಇಷ್ಟೆಲ್ಲ ಹೇಳಿದರೂ ಮಗಳ ಮಾತು ಮಗಳ ಮಾತೇ. ಸಿಗ್ನಿಯನ್ನು ನಾನು ನೋಡಿದ್ದು ಒಂದೇ ಸಲ, ಅದೂ ಅವಳು ಮಲಗಿಕೊಂಡೇ ಇದ್ದಾಗ. ನಿಲ್ಲಿಸುತ್ತೇನೆ.

ಅಮ್ಮನ ವಿಷಯ ಎತ್ತಿದ್ದೀಯ. ಅದಕ್ಕೆ ಅಂದೇ ಉತ್ತರ ಹೇಳಿದ್ದೇನೆ. ನೀನು ತುಂಬು ಬಸುರಿ, ನಿನಗೆ ತಿಳಿಸಬೇಡ ಎಂದು ಅವಳೇ ಹೇಳಿದ್ದಳು.

ನಿನ್ನ ಅಪ್ಪ,
ವರ್ಲಿನ್


ಹಾರ್ಲೋ ಬೆಂಡ್
ಫೆಬ್ರವರಿ 20, 1996

ಪ್ರೀತಿಯ ಮಾರಿತ್,

ಹೇಳಿದಂತೆ ಮಾಡಿದ್ದೇನೆ. ಹತ್ತನೆಯ ತಾರೀಕು ಡೆಲ್ಮರ್ ಬಂದು ಪಾತ್ರೆ, ಸೌಟು, ನಾಲ್ಕು ಅಚ್ಚು, ಉಳಿದಿದ್ದ ಸೀಸದ ಗಟ್ಟಿಗಳು ಎಲ್ಲವನ್ನೂ ಪಿಕಪ್ಪಿಗೆ ಹೇರಿಕೊಂಡು ಹೋದ. ಅಚ್ಚಿನ ಪೆಟ್ಟಿಗೆ ಕೈಗೆ ಕೊಟ್ಟಾಗ ಅವನು ನನ್ನ ಮುಖ ನೋಡಿದ.

"ಮೂವತ್ತು ವರ್ಷದಿಂದ ಇದನ್ನ ಮುಟ್ಟೋಕೂ ಬಿಟ್ಟಿಲ್ಲ ನೀನು. ಈಗ ಪೆಟ್ಟಿಗೇನೇ ಎತ್ತಿ ಕೊಡ್ತಿದೀಯ. ಡಾಕ್ಟ್ರು ಇನ್ನೇನಾದ್ರೂ ಹೇಳಿದ್ರಾ?"

"ಮಗಳು ಹೇಳಿದ್ಲು," ಎಂದೆ.

"ಹಂಗಾದ್ರೆ ಸರಿ. ಡಾಕ್ಟ್ರನ್ನಾದ್ರೂ ಬದಲಾಯಿಸಬೋದು," ಎಂದ.

ಅಂಗಡಿಯಿಂದ ಐನೂರು ಗುಂಡಿನ ಎರಡು ಡಬ್ಬಿ ತರಿಸಿದ್ದೇನೆ. ನೋಡಲು ಚೆನ್ನಾಗಿಯೇ ಇವೆ, ನೀಲಿ ಮೇಣ ಬಳಿದಿದ್ದಾರೆ. ಮಗುವಿನ ಆಟಿಕೆಯ ಹಾಗಿವೆ.

ಎರಕ ನಿಂತ ಮೇಲೆ ಶೆಡ್ಡಿನ ಒಲೆಗೆ ಸೌದೆ ದಂಡ ಮಾಡುವುದು ಏಕೆಂದು ಅದನ್ನು ಹಚ್ಚುತ್ತಿಲ್ಲ. ಬಾಕಿ ಕೆಲಸವನ್ನೆಲ್ಲ ಮನೆಯೊಳಗೆ ತಂದುಕೊಂಡಿದ್ದೇನೆ. ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ತೋಟೆಗಳನ್ನು ಮತ್ತೆ ತುಂಬಲು ಉಜ್ಜುವ ಯಂತ್ರವನ್ನು ಅಡುಗೆ ಮನೆಯಲ್ಲಿ ಬ್ರೆಡ್ಡಿನ ಪೆಟ್ಟಿಗೆಯ ಪಕ್ಕ ಇಟ್ಟಿದ್ದೇನೆ. ದಿನವಿಡೀ ಗುರ್ ಎನ್ನುತ್ತಿರುತ್ತದೆಯಂತೆ, ಡೆಲ್ಮರ್ ಹೇಳುತ್ತಾನೆ. ನನಗೆ ಅದು ಕೇಳಿಸುವುದಿಲ್ಲ, ಮೇಜಿನ ಮೇಲೆ ಕೈ ಇಟ್ಟರೆ ತಿಳಿಯುತ್ತದೆ. ಮನೆಯಲ್ಲಿ ಇನ್ನೊಂದು ಜೀವ ಇದ್ದ ಹಾಗೆ ಅನ್ನಿಸುತ್ತದೆ.

ನಿನ್ನ ಅಪ್ಪ,
ವರ್ಲಿನ್


ಸ್ಪೋಕೇನ್
ಮಾರ್ಚ್ 11, 1996

ಅಪ್ಪ,

ಥ್ಯಾಂಕ್ಸ್. ನೀನು ಇಷ್ಟು ಬೇಗ ಒಪ್ಪುತ್ತೀಯ ಎಂದುಕೊಂಡಿರಲಿಲ್ಲ. ನಾನು ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದೆ, ನೀನು ಜಾಗ ಬಿಟ್ಟು ಸರಿದುಬಿಟ್ಟೆ.

ಇದರ ಜೊತೆಗಿರುವ ಚಿತ್ರ ಸಿಗ್ನಿ ಬರೆದದ್ದು. ಅದು ನೀನಂತೆ. ಕಾಲು ಐದು ಇವೆ, ಒಂದು ಬಂದೂಕಿರಬೇಕು. ಅವಳಿಗೆ ನಿನ್ನ ಫೋಟೋ ತೋರಿಸಿ "ಅಜ್ಜ" ಎಂದು ಹೇಳಿಕೊಟ್ಟಿದ್ದೇನೆ. ಈಗ ಬಿಳಿ ಮೀಸೆಯ ಗಂಡಸರನ್ನು ಕಂಡರೆ ಸಾಕು, ಅಂಗಡಿಯಲ್ಲಿ ಕೂಗುತ್ತಾಳೆ. ನನಗೆ ನಾಚಿಕೆಯಾಗುತ್ತದೆ, ಆ ಮುದುಕರಿಗೆ ಖುಷಿಯಾಗುತ್ತದೆ.

ಏಪ್ರಿಲ್‌ನ ಪರೀಕ್ಷೆ ಮರೆಯಬೇಡ.

ಮಾರಿತ್


ಹಾರ್ಲೋ ಬೆಂಡ್
ಏಪ್ರಿಲ್ 22, 1996

ಪ್ರೀತಿಯ ಮಾರಿತ್,

ಮೊದಲು ಅಂಕಿ ಬರೆಯುತ್ತೇನೆ, ಆಮೇಲೆ ಬರೆದರೆ ಬಚ್ಚಿಟ್ಟ ಎನ್ನುತ್ತೀಯ. ನಲವತ್ತೊಂಬತ್ತು. ಇಳಿಯಲಿಲ್ಲ, ಎಂಟು ಏರಿದೆ. ಡಾಕ್ಟರು ಎರಡು ಸಲ ನೋಡಿದರು.

"ವರ್ಲಿನ್, ನಿಲ್ಲಿಸಿದೀನಿ ಅಂದ್ರಲ್ಲ?" ಎಂದರು.

"ನಿಲ್ಲಿಸಿದೀನಿ," ಎಂದೆ.

ಅವರು ಬರೆದುಕೊಂಡರು. ನಂಬಲಿಲ್ಲ ಎಂದು ಅವರು ಪೆನ್ನು ಹಿಡಿದ ರೀತಿಯಲ್ಲೇ ತಿಳಿಯಿತು.

ಫೆಬ್ರವರಿ ಹತ್ತರಿಂದ ನಾನು ಒಂದು ಗುಂಡೂ ಎರೆದಿಲ್ಲ, ಮಾರಿತ್. ಇದು ಹೇಗೆ ಏರಿತೋ ನನಗೆ ಗೊತ್ತಿಲ್ಲ.

ಶನಿವಾರ ಕ್ಲಬ್ಬಿನಲ್ಲಿ ಪಂದ್ಯವಿತ್ತು. ಅಂಗಡಿಯ ಗುಂಡು ನಾನು ಹೇಳಿದ ಹಾಗೇ ಆಯಿತು, ಇಪ್ಪತ್ತು ಸುತ್ತು ಮುಗಿಯುವುದರೊಳಗೆ ನಳಿಗೆಗೆಲ್ಲ ಸೀಸ ಮೆತ್ತಿಕೊಂಡಿತು. ಡೆಲ್ಮರ್ ನನಗಿಂತ ಒಂಬತ್ತು ಅಂಕ ಮೇಲೆ ಬಂದ. ಮೂವತ್ತು ವರ್ಷದಲ್ಲಿ ಇದೇ ಮೊದಲು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಅಂತ ಎಲ್ಲರ ಮುಂದೆ ಹೇಳಿದ. ಹೇಳಲಿ.

ವರ್ಲಿನ್


ಸ್ಪೋಕೇನ್
ಏಪ್ರಿಲ್ 30, 1996

ಅಪ್ಪ,

ನನಗೆ ಸಿಟ್ಟು ಬಂದಿದೆ. ಸಿಟ್ಟಿನಲ್ಲಿ ಬರೆಯಬಾರದೆಂದು ಮೂರು ದಿನ ಕಾದೆ, ಅದು ಇಳಿಯಲಿಲ್ಲ.

ಸೀಸ ಮುಟ್ಟದವನ ರಕ್ತದಲ್ಲಿ ಸೀಸ ಏರುವುದಿಲ್ಲ. ಇಲ್ಲಿನ ಡಾಕ್ಟರರನ್ನು ಕೇಳಿದೆ, ಬಿಟ್ಟವರಿಗೆ ಎರಡು ತಿಂಗಳಲ್ಲಿ ಇಳಿಯಲೇಬೇಕು ಎಂದರು. ನಿನಗೆ ಇನ್ನೊಂದು ಪಾತ್ರೆ ಇದೆಯೋ, ಡೆಲ್ಮರ್ ಮಾಮನ ಮನೆಯಲ್ಲಿ ಕುಳಿತು ಎರೆಯುತ್ತೀಯೋ ನನಗೆ ಬೇಡ. ಪಂದ್ಯದಲ್ಲಿ ಸೋತದ್ದನ್ನು ಅಷ್ಟು ವಿವರವಾಗಿ ಬರೆದಿದ್ದು ನಾನು ನಂಬಲಿ ಎಂದು ಅಲ್ಲವೇ?

ಅಮ್ಮನ ಹೊಟ್ಟೆ ಹುಣ್ಣಿನ ವಿಷಯವನ್ನೂ ಹೀಗೇ ವಿವರವಾಗಿ ಬರೆದಿದ್ದೆ. ಎಷ್ಟು ಲೋಟ ಹಾಲು, ಯಾವ ಮಾತ್ರೆ, ಎಲ್ಲ ಬರೆದಿದ್ದೆ. ಆ ಪತ್ರಗಳು ನನ್ನ ಹತ್ತಿರ ಇನ್ನೂ ಇವೆ. ಮೂರು ಪತ್ರ, ಮೂರರಲ್ಲೂ ಹಾಲು. ನಾನು ಎಂಟು ತಿಂಗಳ ಹೊಟ್ಟೆ ಹೊತ್ತುಕೊಂಡು ಬಂದದ್ದು ಶವಪೆಟ್ಟಿಗೆ ನೋಡಲು. ಅವಳೇ ತಿಳಿಸಬೇಡ ಎಂದಳು ಎಂದು ನೀನು ಹೇಳಿದೆ. ಆಗ ನಾನು ಅಳುತ್ತಾ ಸುಮ್ಮನಾದೆ. ನಂಬಿದ್ದೆ ಎಂದುಕೊಳ್ಳಬೇಡ.

ಜುಲೈಯಲ್ಲಿ ನಾವು ಬರುವುದಿಲ್ಲ.

ಮಾರಿತ್


ಹಾರ್ಲೋ ಬೆಂಡ್
ಮೇ 12, 1996

ಮಗೂ ಮಾರಿತ್,

ನಾನು ಡೆಲ್ಮರ್ ಕ್ವಾಮ್. ನನ್ನ ಕೈಬರಹ ನೋಡಿ ಹೆದರಬೇಡ, ಯಾರೂ ಸತ್ತಿಲ್ಲ. ನಾನು ಪತ್ರ ಬರೆದು ಇಪ್ಪತ್ತು ವರ್ಷವಾಗಿರಬೇಕು, ಆಗಲೂ ಬರೆದದ್ದು ತೆರಿಗೆಯವರಿಗೆ.

ನಿನ್ನಪ್ಪ ಒಂದು ವಾರದಿಂದ ಕ್ಲಬ್ಬಿಗೆ ಬಂದಿಲ್ಲ. ಚರ್ಚಿನ ನೆಲಮಾಳಿಗೆಯ ಕಾಫಿಗೂ ಬಂದಿಲ್ಲ. ಏನಾಯಿತೆಂದು ಮನೆಗೆ ಹೋದರೆ ಮೇಜಿನ ಮೇಲೆ ನಿನ್ನ ಪತ್ರ ತೆರೆದು ಬಿದ್ದಿತ್ತು. ಓದಬಾರದಿತ್ತು, ಓದಿದೆ. ಅವನಿಗೆ ಕಿವಿ ಕೇಳದು, ಓದಿದ್ದು ಗೊತ್ತಾಗದು ಎಂದುಕೊಂಡೆ. ಕಣ್ಣು ಕಾಣುವುದು ನೆನಪಿಗೆ ಬರಲಿಲ್ಲ ನನಗೆ.

"ಓದಿಯಾಯ್ತಾ?" ಎಂದ.

"ಆಯ್ತು," ಎಂದೆ.

"ಕಾಫಿ ಕುಡೀತೀಯಾ?" ಎಂದ. ಅಷ್ಟೆ.

ಈಗ ನನ್ನ ಮಾತು ಕೇಳು. ಅಚ್ಚುಗಳು ನನ್ನ ಗರಾಜಿನಲ್ಲಿವೆ, ಪಾತ್ರೆಯೊಳಗೆ ಇಲಿ ಮರಿ ಹಾಕಿದೆ. ನನ್ನ ಮನೆಯಲ್ಲಿ ಅವನು ಎರೆಯುತ್ತಾನೆ ಎಂದು ಬರೆದಿದ್ದೀಯ. ನಾನು ಯಾಕೆ ಗುಂಡು ಕೊಳ್ಳುವವನು ಗೊತ್ತೇ? ಸೋಮಾರಿ, ಅದಕ್ಕೆ. ಒಂದು ಗುಂಡಿಗಾಗಿ ಅರ್ಧ ದಿನ ಬೆಂಕಿಯ ಮುಂದೆ ಕೂರುವ ಜಾತಿ ನನ್ನದಲ್ಲ, ಕೂರುವವನನ್ನು ನೋಡುತ್ತ ಕೂರುವುದೂ ನನ್ನಿಂದಾಗದು. ಮೂವತ್ತು ವರ್ಷ ಅವನನ್ನು ಇದೇ ವಿಷಯಕ್ಕೆ ಕಾಡಿಸಿದ್ದೇನೆ. ಏಪ್ರಿಲ್‌ನಲ್ಲಿ ಅವನನ್ನು ಸೋಲಿಸಿದೆ, ಮನೆಗೆ ಬಂದು ಊಟ ಸೇರಲಿಲ್ಲ. ಅವನ ಕೈಯಲ್ಲಿ ಅವನ ಗುಂಡು ಇರಲಿಲ್ಲ, ಅದು ಗೆದ್ದ ಹಾಗಲ್ಲ.

ಅವನು ಈಗ ಮಾಡುವುದೆಲ್ಲ ಇಷ್ಟು: ಅಡುಗೆ ಮನೆಯಲ್ಲಿ ಕೂತು ಖಾಲಿ ತೋಟೆಗಳನ್ನು ಜೋಳದ ದಿಂಡಿನ ಪುಡಿಯೊಳಗೆ ಹಾಕಿ ಯಂತ್ರ ತಿರುಗಿಸುತ್ತಾನೆ, ಆಮೇಲೆ ನಿನ್ನಮ್ಮ ಆರ್ದಿಸ್‌ಳ ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿಯುತ್ತಾನೆ. ಧೂಳೆಂದರೆ ಧೂಳು, ನನ್ನ ಕಾಫಿಯ ಮೇಲೆ ಕೆನೆ ಕಟ್ಟುತ್ತದೆ. ತೋಟೆ ಬಂಗಾರದ ಹಾಗೆ ಹೊಳೆಯುತ್ತವೆ. ಎರಕವಿಲ್ಲದ ಮನುಷ್ಯನಿಗೆ ಏನಾದರೂ ಬೇಕಲ್ಲ.

ಅವನು ಸುಳ್ಳು ಹೇಳುತ್ತಿಲ್ಲ. ಅವನಿಗೆ ನಾಲ್ಕು ಕೆಟ್ಟ ಗುಣಗಳಿವೆ, ಬೇಕಾದರೆ ಪಟ್ಟಿ ಕಳಿಸುತ್ತೇನೆ. ಇದು ಅದರಲ್ಲಿಲ್ಲ.

ಡೆಲ್ಮರ್


ಸ್ಪೋಕೇನ್
ಮೇ 23, 1996

ಡೆಲ್ಮರ್ ಮಾಮನಿಗೆ,

ನಿಮ್ಮ ಪತ್ರವನ್ನು ನಾನು ಸಿಗ್ನಿಯ ಡಾಕ್ಟರರಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಧೂಳಿನ ಸಾಲು ಬಂದಾಗ "ಅದನ್ನ ಇನ್ನೊಂದ್ಸಲ ಓದಿ" ಎಂದರು. ನಾನು ನಿಮ್ಮ ಜಿಲ್ಲೆಯ ಆರೋಗ್ಯ ಕಚೇರಿಗೆ ಫೋನು ಮಾಡಿದ್ದೇನೆ. ಜೆರಿಲಿನ್ ಎಂಬ ನರ್ಸ್ ಜೂನ್ ನಾಲ್ಕರಂದು ಅಪ್ಪನ ಮನೆಗೆ ಬರುತ್ತಾರೆ. ಅಲ್ಲಿಯವರೆಗೆ ಆ ಯಂತ್ರ ನಿಲ್ಲಿಸಿ, ನೀವೂ ಅಲ್ಲಿ ಕಾಫಿ ಕುಡಿಯಬೇಡಿ. ಅಪ್ಪ ಬಾಗಿಲು ತೆಗೆಯುವ ಹಾಗೆ ನೋಡಿಕೊಳ್ಳಿ.

ಪತ್ರ ಓದಿದ್ದಕ್ಕೆ ನನಗೆ ಬೇಜಾರಿಲ್ಲ.

ಮಾರಿತ್


ಹಾರ್ಲೋ ಬೆಂಡ್
ಜೂನ್ 9, 1996

ಪ್ರೀತಿಯ ಮಾರಿತ್,

ನೀನು ಕಳಿಸಿದ ನರ್ಸಮ್ಮ ಬಂದು ಹೋದಳು. ಸಣ್ಣ ಹುಡುಗಿ, ದೊಡ್ಡ ಗಂಟಲು, ನನಗೆ ಹೆಚ್ಚುಕಡಿಮೆ ಪ್ರತಿ ಮಾತೂ ಕೇಳಿಸಿತು. ಮೊದಲು ಶೆಡ್ಡಿಗೆ ಕರೆದುಕೊಂಡು ಹೋದೆ. ಪಾತ್ರೆ ಇದ್ದ ಜಾಗ ತೋರಿಸಿದೆ. ಅವಳು ಒದ್ದೆ ಬಟ್ಟೆಯಿಂದ ಬೆಂಚು ಒರೆಸಿ ಅದನ್ನು ಸಣ್ಣ ಸೀಸೆಗೆ ಹಾಕಿಕೊಂಡಳು.

"ಈ ಬಾಗಿಲು ತೆಗೆದಿಟ್ಟೇ ಕರಗಿಸ್ತಿದ್ರಾ?"

"ಹೌದು."

"ತೋಟೆ ಎಲ್ಲಿ ಉಜ್ತೀರಾ?"

ಅಡುಗೆ ಮನೆಗೆ ಕರೆತಂದೆ. ಅವಳು ಬಾಗಿಲಲ್ಲೇ ನಿಂತಳು. ಯಂತ್ರ ನೋಡಿದಳು, ಬ್ರೆಡ್ಡಿನ ಪೆಟ್ಟಿಗೆ ನೋಡಿದಳು, ಗೂಟಕ್ಕೆ ತೂಗಿದ ಜರಡಿ ನೋಡಿದಳು.

"ಇದನ್ನ ಒಳಗೆ ತಂದಿದ್ದು ಯಾವಾಗ?"

"ಫೆಬ್ರವರಿ. ಎರಕ ಬಿಟ್ಟ ಮೇಲೆ."

"ಅಜ್ಜಾ," ಎಂದಳು, ಗಂಟಲು ಇಳಿಸಿ, ಅವಳ ತುಟಿ ನೋಡಿ ಅರ್ಥ ಮಾಡಿಕೊಂಡೆ. "ಕೂತ್ಕೊಳ್ಳಿ."

ತೋಟೆಯ ಬುಡದಲ್ಲಿ ಕಿಡಿ ಹೊತ್ತಿಸುವ ಮದ್ದಿನಲ್ಲೂ ಸೀಸವಿರುತ್ತದೆಯಂತೆ. ಗುಂಡು ಹಾರಿದ ಮೇಲೆ ಅದು ಮಸಿಯಾಗಿ ಒಳಗೆ ಕೂರುತ್ತದೆ. ನಾನು ತೋಟೆ ಉಜ್ಜಿ ಹೊಳಪು ಬರಿಸಿದಷ್ಟೂ ಆ ಮಸಿಯೆಲ್ಲ ದಿಂಡಿನ ಪುಡಿಗೆ ಇಳಿಯುತ್ತದೆ. ಜರಡಿ ಹಿಡಿದಾಗ ಗಾಳಿಗೆ ಏರುತ್ತದೆ, ಬ್ರೆಡ್ಡಿನ ಮೇಲೆ ಕೂರುತ್ತದೆ. ಕರಗಿದ ಸೀಸ ಪಾತ್ರೆಯಲ್ಲಿ ಸುಮ್ಮನೆ ಬಿದ್ದಿರುತ್ತದೆ, ಧೂಳು ಹಾಗಲ್ಲ ಎಂದಳು. ಹಿಂದೆ ಇದನ್ನೇ ಶೆಡ್ಡಿನಲ್ಲಿ ಮಾಡುತ್ತಿದ್ದೆ, ಅದಕ್ಕೆ ನಲವತ್ತೊಂದು. ಈಗ ಊಟ ಮಾಡುವ ಕಡೆ ತಂದಿಟ್ಟುಕೊಂಡೆ, ನಲವತ್ತೊಂಬತ್ತು. ನೀನು ಎರಕ ಬಿಡು ಎಂದೆ, ನಾನು ಬಿಟ್ಟೆ, ಬಿಟ್ಟದ್ದಕ್ಕೇ ಒಲೆ ಆರಿತು, ಒಲೆ ಆರಿದ್ದಕ್ಕೇ ಅದು ಮನೆಯೊಳಗೆ ಬಂತು. ಎರಕಕ್ಕೇ ಗೌರವ ಕೊಟ್ಟು ಕೈತೊಳೆಯುತ್ತಿದ್ದ ನಾನು ಇದಕ್ಕೆ ಒಂದು ದಿನವೂ ತೊಳೆಯಲಿಲ್ಲ. ಸ್ವಚ್ಛ ಮಾಡುವ ಕೆಲಸವಲ್ಲವೇ ಎಂದುಕೊಂಡಿದ್ದೆ.

ಮೂವತ್ತೆಂಟು ವರ್ಷದ ಅನುಭವ ಎಂದು ಬರೆದಿದ್ದೆ. ಆ ಮಾತು ವಾಪಸು ತೆಗೆದುಕೊಂಡಿದ್ದೇನೆ.

ಯಂತ್ರ, ಜರಡಿ, ಬ್ರೆಡ್ಡಿನ ಪೆಟ್ಟಿಗೆ, ಪರದೆ ಎಲ್ಲ ಹೋದವು. ಗೋಡೆಯಿಂದ ಗೋಡೆಗೆ ಒದ್ದೆ ಬಟ್ಟೆಯಿಂದ ಒರೆಸಬೇಕಂತೆ, ಗುಡಿಸಬಾರದಂತೆ. ಡೆಲ್ಮರ್ ಮೊಣಕಾಲೂರಿ ಒರೆಸುತ್ತಿದ್ದಾನೆ, ಬೈಯುತ್ತಾ.

ಆರ್ದಿಸ್‌ಳ ಜರಡಿ ಹೋದದ್ದಕ್ಕೆ ನನಗೆ ದುಃಖವಾಯಿತು.

ವರ್ಲಿನ್


ಸ್ಪೋಕೇನ್
ಜೂನ್ 16, 1996

ಅಪ್ಪ,

ತಪ್ಪು ನನ್ನದು. ನೀನು ಸುಳ್ಳು ಹೇಳುತ್ತಿದ್ದೀಯ ಎಂದು ಬರೆದೆ, ನೀನು ನಿಜವನ್ನೇ ಹೇಳುತ್ತಿದ್ದೆ. ಅಂಕಿ ಏರಿದ್ದನ್ನು ಪತ್ರದ ಮೊದಲ ಸಾಲಿನಲ್ಲೇ ಬರೆದವನನ್ನು ನಾನು ಕಳ್ಳನ ಹಾಗೆ ಕಂಡೆ. ಕ್ಷಮಿಸು.

ಆ ಸಿಟ್ಟೆಲ್ಲ ಸೀಸದ್ದಲ್ಲ, ನಿನಗೂ ಗೊತ್ತು. ಅಮ್ಮ ತಿಳಿಸಬೇಡ ಎಂದಳು ಎಂಬುದನ್ನು ಎರಡೂವರೆ ವರ್ಷ ನಾನು ನಂಬದೆ ಇದ್ದೆ. ನಿನಗೆ ಬರೆಯುವಾಗೆಲ್ಲ ಅದು ನಡುವೆ ಬರುತ್ತಿತ್ತು. ಈಗ ನಂಬುತ್ತೇನೆ. ಅಮ್ಮ ಹಾಗೇ ಹೇಳುವವಳು, ಯಾರಿಗೂ ಭಾರವಾಗಬಾರದು ಎನ್ನುವವಳು. ಅವಳು ಹೇಳಿದ್ದನ್ನು ನೀನು ಪಾಲಿಸಿದೆ ಅಷ್ಟೆ. ಈ ಸಲ ಆ ಮಾತನ್ನು ಮುಗಿಸಿಬಿಡೋಣ.

ಜೆರಿಲಿನ್ ಜೊತೆ ಮಾತಾಡಿದೆ. ಜುಲೈ ಹನ್ನೆರಡರ ಹೊತ್ತಿಗೆ ಅಡುಗೆ ಮನೆ ಶುದ್ಧವಾಗಿದ್ದರೆ ಸಿಗ್ನಿಗೆ ತೊಂದರೆಯಿಲ್ಲ ಎಂದರು. ಬರುತ್ತೇವೆ.

ಮಾರಿತ್


ಹಾರ್ಲೋ ಬೆಂಡ್
ಜೂನ್ 24, 1996

ಪ್ರೀತಿಯ ಮಾರಿತ್,

ನಿನ್ನ ಪತ್ರ ಬಂದು ಐದು ದಿನವಾಯಿತು. ಉತ್ತರ ನಾಲ್ಕು ಸಲ ಬರೆದು ಒಲೆಗೆ ಹಾಕಿದೆ. ಇದು ಐದನೆಯದು.

ನೀನು ಕ್ಷಮೆ ಕೇಳಿದ್ದೀಯ. ಎರಕದ ವಿಷಯಕ್ಕೆ ಕೇಳಿದ್ದನ್ನು ತೆಗೆದುಕೊಳ್ಳುತ್ತೇನೆ, ಅದು ನನಗೆ ಸಲ್ಲಬೇಕಾದದ್ದೇ. ಅಮ್ಮನ ವಿಷಯಕ್ಕೆ ಕೇಳಿದ್ದನ್ನು ತೆಗೆದುಕೊಳ್ಳಲಾರೆ. ತೆಗೆದುಕೊಂಡರೆ ನೀನು ಬರುತ್ತೀಯ, ಸಿಗ್ನಿ ಬರುತ್ತಾಳೆ, ನನ್ನ ಮನೆಯಲ್ಲಿ ಮೂರು ವಾರ ಮಗುವಿನ ಗಲಾಟೆ ಇರುತ್ತದೆ. ಅದು ನನಗೆ ಎಷ್ಟು ಬೇಕಾಗಿದೆ ಎಂದು ಬರೆಯಲು ಬರುವುದಿಲ್ಲ. ಆದರೂ ಆಗದು.

ಅವಳು ತಿಳಿಸಬೇಡ ಎನ್ನಲಿಲ್ಲ. ತಿಳಿಸು ಎಂದಳು. ನಾನು ತಿಳಿಸಲಿಲ್ಲ.

ಅವಳ ಕಾಯಿಲೆ ತಿಳಿದ ಆ ಆಗಸ್ಟಿನಲ್ಲಿ ನಿನಗೆ ಬರೆಯಲು ಕುಳಿತೆ. ಕಾಗದದ ಮೇಲೆ ಕ್ಯಾನ್ಸರ್ ಎಂಬ ಪದ ಬರೆಯಲಾಗಲಿಲ್ಲ. ಬರೆದರೆ ಅದು ನಿಜವಾಗುತ್ತದೆ ಅನ್ನಿಸಿತು. ಹುಣ್ಣು ಎಂದು ಬರೆದು ಮುಚ್ಚಿ ಶೆಡ್ಡಿಗೆ ಹೋಗಿ ಸೀಸ ಕಾಯಿಸಿದೆ. ಸೀಸ ಕಾಯುವಾಗ ಬೇರೇನೂ ಯೋಚಿಸಲಾಗದು, ಯೋಚಿಸಿದರೆ ಕೈ ಸುಡುತ್ತದೆ. ಆ ಮೂರು ತಿಂಗಳು ಎರೆದದ್ದನ್ನು ನಾನು ಸಾಯುವವರೆಗೂ ಹಾರಿಸಿ ಮುಗಿಸಲಾರೆ. ಅವಳು ಒಳಗೆ ಮಲಗಿರುತ್ತಿದ್ದಳು, ನಾನು ಶೆಡ್ಡಿನಲ್ಲಿರುತ್ತಿದ್ದೆ. ಸತ್ತ ಮೇಲೆ ನೀನು ಕೇಳಿದಾಗ, ಸತ್ತವಳ ಮೇಲೆ ಹಾಕಿ ತಪ್ಪಿಸಿಕೊಂಡೆ.

ಡೆಲ್ಮರ್ ಅಚ್ಚುಗಳನ್ನು ವಾಪಸು ತಂದಿಟ್ಟ. ಬೇಡವೆಂದು ಹಿಂದಕ್ಕೆ ಕಳಿಸಿದೆ. ನರ್ಸಮ್ಮ ಎರಕವನ್ನು ಹೆಚ್ಚು ಬೈಯದಿದ್ದರೂ ಅದು ನನಗೆ ಒಳ್ಳೆಯದು ಮಾಡಿಲ್ಲ.

ಅಡುಗೆ ಮನೆ ಶುದ್ಧವಾಗಿದೆ. ನೀನು ಬರದಿದ್ದರೂ ಸರಿಯೇ.

ವರ್ಲಿನ್


ಸ್ಪೋಕೇನ್
ಜುಲೈ 21, 1996

ಅಪ್ಪ,

ಹನ್ನೆರಡನೆಯ ತಾರೀಕು ಸೂಟ್‌ಕೇಸು ತುಂಬಿ ಕಾರಿಗೆ ಹಾಕಿದ್ದೆ. ಮತ್ತೆ ಇಳಿಸಿದೆ.

ಒಂದೇ ಒಂದು ಕೇಳುತ್ತೇನೆ. ಅಮ್ಮ ತಿಳಿಸು ಎಂದಳು ಎಂದೆಯಲ್ಲ. ಏನೆಂದಳು? ಅವಳ ಮಾತನ್ನು ಅವಳು ಆಡಿದ ಹಾಗೇ ಬರೆ. ನಿನ್ನದೇನೂ ಸೇರಿಸಬೇಡ.

ಮಾರಿತ್


ಹಾರ್ಲೋ ಬೆಂಡ್
ಜುಲೈ 27, 1996

ಮಾರಿತ್,

ಅವಳು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಅವಳು ಹೇಳಿದ್ದು ಇದು:

"ವರ್ಲಿನ್, ಇವತ್ತೇ ಮಾರಿತ್‌ಗೆ ಬರೀ. ಫೋನಲ್ಲಿ ಹೇಳೋಕೆ ನನ್ನಿಂದಾಗಲ್ಲ. ಹುಣ್ಣು ಗಿಣ್ಣು ಅಂತ ಕತೆ ಕಟ್ಬೇಡ. ಹೊಟ್ಟೆ ಭಾರ ಆದ್ರೆ ಅವಳಿಗೆ ಅಷ್ಟು ದೂರ ಕೂತು ಬರೋಕಾಗಲ್ಲ, ಈಗ್ಲೇ ಒಂದ್ಸಲ ಬಂದು ಹೋಗ್ಲಿ. ಅಡುಗೆ ಪಡುಗೆ ಅಂತ ಏನೂ ಮಾಡೋದ್ ಬೇಡ. ಸುಮ್ನೆ ನನ್ನ ಹತ್ರ ಕೂತಿದ್ರೆ ಸಾಕು."

ವಾರ ಕಳೆದು, "ಬರೆದ್ಯಾ?" ಎಂದಳು. "ಬರೆದೆ," ಎಂದೆ.

ಆಮೇಲೆ ದಿನಾ ಅಂಚೆಯವನ ಗಾಡಿ ಬಂದಾಗ ಕಿಟಕಿಯ ಕಡೆ ನೋಡುತ್ತಿದ್ದಳು. ಸೆಪ್ಟೆಂಬರ್ ಕೊನೆಯಲ್ಲಿ ಒಂದು ದಿನ, "ಅವಳಿಗೆ ಬಿಡುವಾಗ್ಲಿಲ್ಲ ಅಂತ ಕಾಣುತ್ತೆ. ಹೋಗ್ಲಿ ಬಿಡು, ನೀನು ಅವಳಿಗೇನೂ ಅನ್ಬೇಡ," ಎಂದಳು. ಮತ್ತೆ ಕೇಳಲಿಲ್ಲ.

ನಿನಗೆ ತಿಳಿದೂ ನೀನು ಬರಲಿಲ್ಲ ಎಂದುಕೊಂಡೇ ಅವಳು ಹೋದಳು. ಅಲ್ಲ, ಮಾರಿತ್‌ಗೆ ಗೊತ್ತೇ ಇಲ್ಲ ಎಂದು ನಾನು ಬಾಯಿಬಿಟ್ಟು ಹೇಳಲು ಇನ್ನೂ ಏಳು ವಾರವಿತ್ತು. ಹೇಳಲಿಲ್ಲ.

ನೀನು ಕೇಳಿದ್ದು ಇಷ್ಟು. ಇದಕ್ಕೆ ನನ್ನದೇನೂ ಸೇರಿಸಿಲ್ಲ.

ವರ್ಲಿನ್


ಸ್ಪೋಕೇನ್
ಆಗಸ್ಟ್ 15, 1996

ಅಪ್ಪ,

ಇಪ್ಪತ್ತನಾಲ್ಕನೆಯ ತಾರೀಕು, ಶನಿವಾರ, ಹತ್ತು ಗಂಟೆಗೆ ಚರ್ಚಿನ ಹಿಂದೆ ಅಮ್ಮನ ಸಮಾಧಿಯ ಹತ್ತಿರ ಬಾ. ನಾವು ಹಿಂದಿನ ದಿನವೇ ಬಂದು ಊರಾಚೆಯ ಮೋಟೆಲಿನಲ್ಲಿ ಉಳಿಯುತ್ತೇವೆ. ಮನೆಗೆ ಬರುತ್ತೇವೋ ಇಲ್ಲವೋ ಆಮೇಲಿನ ಮಾತು.

ನನಗೆ ಹೇಳಿಯಾಯಿತು. ನೀನು ಅಲ್ಲಿ ನಿಂತು ಅವಳಿಗೂ ಹೇಳಬೇಕು. ಮಾರಿತ್‌ಗೆ ನಾನು ಬರೆಯಲೇ ಇಲ್ಲ, ಬರೆದಿದ್ದರೆ ಅವಳು ಅಂದೇ ಹೊರಡುತ್ತಿದ್ದಳು ಎಂದು ಗಟ್ಟಿಯಾಗಿ ಹೇಳಬೇಕು. ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಆಮೇಲೆ ನಾನು ಅವಳ ಹತ್ತಿರ ಸ್ವಲ್ಪ ಹೊತ್ತು ಕೂರುತ್ತೇನೆ, ಅಷ್ಟು ಹೊತ್ತು ಸಿಗ್ನಿಯನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ.

ಒಗೆದ ಬಟ್ಟೆ ಹಾಕಿಕೊಂಡು ಬಾ, ಬರುವ ಮೊದಲು ಕೈ ಚೆನ್ನಾಗಿ ತೊಳೆದುಕೋ. ಸಿಗ್ನಿ ಎತ್ತಿಕೋ ಎನ್ನುತ್ತಾಳೆ.

ಮಾರಿತ್